ಗಣಿಗುಡ್ಡದ ಹುಲ್ಲನ್ನು ಮೇ ತಿಂಗಳಲ್ಲಿ ನೋಡಬೇಕು

2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಗಣಿ ಗುತ್ತಿಗೆದಾರರಿಗೂ ಅನ್ವಯಿಸುವ ಒಂದು ಆದೇಶ ನೀಡಿತು. ಅದಿರು ತೆಗೆದು ಮುಗಿದ ಮೇಲೆ ಆ ನೆಲದಲ್ಲೂ ಗಣಿಯಿಂದಾಗಿ ಹಾಳಾದ ಸುತ್ತಲಿನ ನೆಲದಲ್ಲೂ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೆ, ಗಿಡಮರಕ್ಕೆ, ಪ್ರಾಣಿಪಕ್ಷಿಗಳಿಗೆ ಒದಗುವ ಸ್ಥಿತಿಗೆ ಅದನ್ನು ತರಬೇಕು, ಖರ್ಚೆಲ್ಲ ಗುತ್ತಿಗೆದಾರರದೇ ಎಂಬುದು ಅದರ ಸಾರ. ಈ ಷರತ್ತನ್ನು ಗುತ್ತಿಗೆಗಳಲ್ಲೂ ಪರಿಸರ ಅನುಮತಿಗಳಲ್ಲೂ ಸೇರಿಸುವಂತೆ ಆಗಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ಅವರ ಪೀಠ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಪರಿಸರ ಸಚಿವಾಲಯ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಗಣಿ ಎಂದಕೂಡಲೇ ಮರ ನೆಡುವ ಮಾತನ್ನಷ್ಟೇ ಕೇಳಿ ಬೆಳೆದ ನಮಗೆ, ದೇಶದ ಅತ್ಯುನ್ನತ ನ್ಯಾಯಾಲಯ ಹುಲ್ಲಿನ ಹೆಸರೆತ್ತಿದ್ದು ದೊಡ್ಡ ಸಂಗತಿ. ಆದರೆ ಯಾವ ಹುಲ್ಲು ಎಂಬುದನ್ನು ಆದೇಶ ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಅದನ್ನು ನಿರ್ಧರಿಸಬೇಕಾದವರು ಗಣಿ ಕಂಪನಿಗಳು, ಅರಣ್ಯ ಇಲಾಖೆ, ಪುನಶ್ಚೇತನ ಯೋಜನೆ ಬರೆಯುವ ತಜ್ಞರು. ಆ ನಿರ್ಧಾರ ಬೀಜದ ಮೂಟೆಯ ದರಪಟ್ಟಿಯಲ್ಲಿ ಮುಗಿದುಹೋದರೆ ಆದೇಶದ ಅಕ್ಷರ ಉಳಿದೀತು, ಮಣ್ಣು ಉಳಿಯುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಒಂದು ವಿಳಾಸವಿದೆ. ಸಂಡೂರು, ಹೊಸಪೇಟೆ, ಬಳ್ಳಾರಿಯ ಬೆಟ್ಟಸಾಲುಗಳಲ್ಲಿ ನಡೆದ ಕಬ್ಬಿಣದ ಅದಿರಿನ ಲೂಟಿಯನ್ನು ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರು 2011ರಲ್ಲಿ ದಾಖಲಿಸಿದರು. ಅದೇ ವರ್ಷದ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ನಿಷೇಧ ವಿಸ್ತರಿಸಿತು. ಬಳಿಕ 166 ಗುತ್ತಿಗೆಗಳನ್ನು ಅಕ್ರಮದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಮತ್ತೆ ಗಣಿ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಜಾರಿಯಾಗಬೇಕೆಂದು ಷರತ್ತು ಹಾಕಲಾಯಿತು. ಚೆಕ್‌ಡ್ಯಾಂ, ಕಲ್ಲು ತುಂಬಿದ ಗೇಬಿಯನ್ ಗೋಡೆ, ಡಂಪ್‌ಗಳ ಸುತ್ತ ಮಳೆನೀರಿನ ಕಾಲುವೆ, ಇಳಿಜಾರಿನ ಮೇಲೆ ತೆಂಗಿನ ನಾರಿನ ಜಾಲ, ಇವೆಲ್ಲ ಅಲ್ಲಿಗೆ ಬಂದದ್ದು ಆ ಷರತ್ತಿನಿಂದ. ಕಲ್ಲುಗೋಡೆ ಎಷ್ಟು ಎತ್ತರ, ಎಷ್ಟು ದಪ್ಪ ಎಂಬುದಕ್ಕೆ ಎಂಜಿನಿಯರುಗಳ ಬಳಿ ಲೆಕ್ಕವಿದೆ. ಜಾಲದ ಕೆಳಗೆ ಬೆಳೆಯಬೇಕಾದ ಹುಲ್ಲಿಗೂ ಅಂಥದೇ ಲೆಕ್ಕ ಬೇಕು. ತೆಂಗಿನ ನಾರು ಕೆಲವು ಮಳೆಗಾಲಗಳಲ್ಲಿ ಕರಗಿ ಮಣ್ಣಾಗುತ್ತದೆ, ಆಮೇಲೆ ಆ ಇಳಿಜಾರನ್ನು ಹಿಡಿದಿಡುವುದು ಬೇರು ಮಾತ್ರ.

ಗಣಿತ್ಯಾಜ್ಯದ ಗುಡ್ಡೆ ಎಂದರೆ ಮಣ್ಣಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಟಿಪ್ಪರುಗಳು ಸುರಿದು ಹೋದ ಅಲ್ಲಿಯ ರಾಶಿಯಲ್ಲಿ ಕಬ್ಬಿಣದ ಪಟ್ಟೆಗಳಿರುವ ಕಲ್ಲಿನ ಚೂರು, ಜಂಬಿಟ್ಟಿಗೆ, ಪದರಪದರವಾಗಿ ಒಡೆಯುವ ಶೇಲ್, ಹಿಟ್ಟಿನಂಥ ಕೆಂಪು ಧೂಳು ಎಲ್ಲವೂ ಬೆರೆತಿರುತ್ತವೆ. ಸುರಿದ ರಾಶಿ ತಾನಾಗಿ ನಿಲ್ಲುವ ಇಳಿಜಾರು ಸುಮಾರು 35ರಿಂದ 38 ಡಿಗ್ರಿ, ಅಂದರೆ ಮನುಷ್ಯ ಕೈಯೂರದೆ ಹತ್ತಲಾಗದಷ್ಟು ಕಡಿದು. ಸಾವಯವ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಸಾರಜನಕವೂ ಹಾಗೆಯೇ. ರಂಜಕವಿದ್ದರೂ ಕಬ್ಬಿಣದ ಆಕ್ಸೈಡು ಅದನ್ನು ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಗುಡ್ಡೆಯ ನೆತ್ತಿಯ ಸಮತಟ್ಟು ಯಂತ್ರಗಳು ಓಡಾಡಿ ರಸ್ತೆಯಂತೆ ಗಟ್ಟಿಯಾಗಿರುತ್ತದೆ, ಮಗ್ಗುಲು ಮಾತ್ರ ಜಾಳು ಜಾಳು. ಮಳೆಯ ಮೊದಲ ಹನಿಗಳು ಬಿದ್ದಾಗ ಆ ಸಣ್ಣ ಧೂಳು ಎದ್ದು ಪಕ್ಕದ ಸಂದುಗಳನ್ನು ಮುಚ್ಚುತ್ತದೆ, ಮೇಲ್ಮೈ ಹೆಂಚಿನಂತೆ ಬಿಗಿಯುತ್ತದೆ. ನೀರು ಇಂಗಲು ಜಾಗ ಕಾಣದೆ ಇಳಿಜಾರಿನ ಗುಂಟ ಬೆರಳಗಲದ ಗೀರು ಕೊರೆಯುತ್ತದೆ, ಗೀರುಗಳು ಕೂಡಿ ಕೊರಕಲಾಗುತ್ತವೆ, ಕೊರಕಲಿನ ಕೆಂಪು ನೀರು ಹಳ್ಳ ಸೇರುತ್ತದೆ. ಸಂಡೂರು ಕಣಿವೆಯಲ್ಲಿ ಆ ಹಳ್ಳದ ಹೆಸರು ನಾರಿಹಳ್ಳ. ಅದರ ಜಲಾಶಯದ ಹೂಳು, ಅದರಾಚೆ ಹೊಲಗಳ ಮೇಲೆ ಕೂತ ಕೆಂಪು ಪದರ, ಇವೇ ಹುಲ್ಲಿನ ಆಯ್ಕೆಗೆ ಕಟ್ಟಕಡೆಯ ಪರೀಕ್ಷೆ.

ಈ ಪರೀಕ್ಷೆ ನಡೆಯುವುದು ಯಾವಾಗ ಎಂಬುದರಲ್ಲೇ ನನ್ನ ವಾದವೆಲ್ಲ ಇದೆ. ಬಳ್ಳಾರಿ ಸೀಮೆಯಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರಿನ ಆಸುಪಾಸು, ಉತ್ತರೆ ಹಸ್ತ ಮಳೆಗಳ ಹೊತ್ತಿಗೆ. ಜೂನ್, ಜುಲೈನಲ್ಲಿ ಬಿತ್ತಿದ ಯಾವ ಹುಲ್ಲೇ ಆಗಲಿ ಅಕ್ಟೋಬರಿನಲ್ಲಿ ಮೊಣಕಾಲೆತ್ತರ ನಿಂತಿರುತ್ತದೆ. ಆಗ ತೆಗೆದ ಫೋಟೊದಲ್ಲಿ ಎಲ್ಲ ಹುಲ್ಲೂ ಒಂದೇ ಹಸಿರು, ಎಲ್ಲ ಯೋಜನೆಯೂ ಯಶಸ್ವಿ. ನಿಜವಾದ ಗಂಡಾಂತರದ ಕಾಲ ಬೇರೆ. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳು ಗುಡುಗು ಗಾಳಿಯ ಜೊತೆ ಬರುತ್ತವೆ. ಬರುವುದು ಅರ್ಧ ಗಂಟೆ, ಬಿದ್ದರೆ ಕಲ್ಲು ಬಿದ್ದ ಹಾಗೆ. ಆರು ತಿಂಗಳ ಬಿಸಿಲಿಗೆ ಪುಡಿಯಾಗಿ ಕೂತ ಗುಡ್ಡೆಯ ಮೇಲೆ ಆ ಅರ್ಧ ಗಂಟೆ ಮಾಡುವ ಹಾನಿಯನ್ನು, ಹಸಿರು ಹೊದ್ದ ಸೆಪ್ಟೆಂಬರಿನ ಇಡೀ ದಿನದ ಸೋನೆ ಮಾಡಲಾರದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಹುಲ್ಲು ಬೇಗ ಹಸಿರಾಗುತ್ತದೆ ಎಂಬುದಲ್ಲ. ಮೇ ತಿಂಗಳ ಎರಡನೇ ವಾರ, ನೆಲ ಕಾದ ಕಾವಲಿಯಾಗಿರುವಾಗ, ಆ ಇಳಿಜಾರಿನಲ್ಲಿ ಯಾವ ಹುಲ್ಲಿನ ಬುಡ ಇನ್ನೂ ಜೀವ ಹಿಡಿದು ಮಣ್ಣನ್ನು ಕಚ್ಚಿಕೊಂಡಿರುತ್ತದೆ ಎಂಬುದು.

ಈ ಪ್ರಶ್ನೆ ಕೇಳಿದೊಡನೆ ಹುಲ್ಲುಗಳು ಎರಡು ಪಾಲಾಗುತ್ತವೆ. ವರ್ಷದ ಹುಲ್ಲು ಬೀಜವಾಗಿ ಸಾಯುತ್ತದೆ. ಅದರ ಬೇರು ಮೇಲಿನ ಒಂದು ಗೇಣಿನಲ್ಲೇ ಹರಡಿ, ಡಿಸೆಂಬರಿಗೆ ಒಣಗಿ, ಬೇಸಿಗೆಯಲ್ಲಿ ಗೆದ್ದಲಿಗೆ ಊಟವಾಗುತ್ತದೆ. ಬಹುವಾರ್ಷಿಕ ಹುಲ್ಲು ಮೇಲಿನ ಎಲೆಯನ್ನಷ್ಟೇ ಒಣಗಿಸಿಕೊಂಡು ಬುಡದಲ್ಲೂ ಬೇರಿನಲ್ಲೂ ಜೀವ ಉಳಿಸಿಕೊಳ್ಳುತ್ತದೆ. ಇಳಿಜಾರಿನಲ್ಲಿ ಒಂದೊಂದು ಬುಡವೂ ಒಂದು ಪುಟ್ಟ ಒಡ್ಡು. ಹರಿದು ಬರುವ ನೀರು ಅದಕ್ಕೆ ತಾಗಿ ಎರಡಾಗುತ್ತದೆ, ವೇಗ ಕಳೆದುಕೊಳ್ಳುತ್ತದೆ, ಹೊತ್ತು ತಂದ ಮಣ್ಣನ್ನು ಬುಡದ ಮೇಲ್ಮಗ್ಗುಲಿಗೆ ಇಳಿಸುತ್ತದೆ. ನಾಲ್ಕಾರು ವರ್ಷ ಕಳೆದ ಬುಡದ ಮೇಲ್ಗಡೆ ಬೊಗಸೆಯಷ್ಟು ನಯವಾದ ಮಣ್ಣು ಸೇರಿರುತ್ತದೆ, ಮುಂದೆ ಯಾವುದೋ ಪೊದೆಯ ಬೀಜ ಮೊಳೆಯುವುದು ಆ ಬೊಗಸೆಯಲ್ಲೇ. ಕಲ್ಲಿದ್ದಲು ಗಣಿಗಳ ಗುಡ್ಡೆಗಳ ಮೇಲೆ ದೀನನಾಥ ಹುಲ್ಲನ್ನು ಬಿತ್ತುವ ರೂಢಿ ದೇಶದಲ್ಲಿ ಬಹಳ ಕಾಲದಿಂದ ಇದೆ. ಬೀಜ ಅಗ್ಗ, ಮೊಳಕೆ ಖಾತ್ರಿ, ಮೊದಲ ಮಳೆಗಾಲದಲ್ಲೇ ಗುಡ್ಡೆ ಮುಚ್ಚಿಹೋಗುತ್ತದೆ. ಆದರೆ ಬಹುಮಟ್ಟಿಗೆ ಅದು ವರ್ಷದ ಹುಲ್ಲು, ಒಣಗಿದ ಮೇಲೆ ಉಳಿಯುವುದು ದಟ್ಟವಾದ ಸೌದೆ. ಮಳೆ ದೀರ್ಘವಾಗಿ ಬೀಳುವ ಪೂರ್ವ ಭಾರತದಲ್ಲಿ ಅದು ಎಷ್ಟು ಉಪಯೋಗಕ್ಕೆ ಬಂದಿದ್ದರೂ, ಏಳು ತಿಂಗಳು ಒಣಗುವ ಸಂಡೂರಿನ ಇಳಿಜಾರನ್ನು ಅದಕ್ಕೆ ಒಪ್ಪಿಸಿ ಕೂರುವುದು ಸರಿಯಲ್ಲ.

ಹಾಗಾದರೆ ಯಾವುದು? ಉತ್ತರಕ್ಕೆ ದೂರ ಹೋಗಬೇಕಿಲ್ಲ, ಗಣಿ ಮುಟ್ಟದೆ ಉಳಿದ ಪಕ್ಕದ ಗುಡ್ಡವನ್ನೇ ಕೇಳಬೇಕು. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಸುತ್ತಲ ತೆಳುಮಣ್ಣಿನ ಇಳಿಜಾರುಗಳ ಮೇಲೆ, ಇದೇ ಕಬ್ಬಿಣದ ಕಲ್ಲಿನ ನಡುವೆ, ಯಾರೂ ನೀರು ಹಾಕದೆ ಗೊಬ್ಬರ ಕೊಡದೆ ಹುಲ್ಲು ನಿಂತಿದೆ. ನಮ್ಮ ಒಣಗುಡ್ಡಗಳ ಕರಡದಲ್ಲಿ ಹೆಚ್ಚಾಗಿ ಕಾಣುವ ಹೆಟೆರೊಪೋಗನ್ ಕಂಟಾರ್ಟಸ್ ಎಂಬ ಹುಲ್ಲನ್ನೇ ನೋಡಿ. ಗುಡ್ಡ ಹತ್ತಿದವರ ಪಂಚೆಗೂ ಸೀರೆಯ ಅಂಚಿಗೂ ಸೂಜಿಯಂತೆ ಚುಚ್ಚಿಕೊಳ್ಳುವುದು ಇದರದೇ ಬೀಜ. ಆ ಬೀಜದ ತುದಿ ಮೊನಚು, ಮೊನೆಯ ಮೇಲೆ ಹಿಮ್ಮುಖವಾಗಿ ಬಾಗಿದ ಕೂದಲು, ಹಿಂದೆ ಬೆರಳುದ್ದದ ಕರಿಯ ಬಾಲ. ಒಣಗಿದಾಗ ಆ ಬಾಲ ಹಗ್ಗದಂತೆ ಹೊಸೆದುಕೊಳ್ಳುತ್ತದೆ, ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ. ನೆಲಕ್ಕೆ ಬಿದ್ದ ಬೀಜದ ಬಾಲ ಪಕ್ಕದ ಕಡ್ಡಿಗೋ ಕಲ್ಲಿಗೋ ಒತ್ತಿಕೊಂಡಿತೆಂದರೆ, ಇಬ್ಬನಿಗೆ ಬಿಚ್ಚಿ ಬಿಸಿಲಿಗೆ ಹೊಸೆದು, ಒಂದೊಂದು ಸುತ್ತಿಗೂ ಮೊನೆಯನ್ನು ಬಿರುಕಿನೊಳಕ್ಕೆ ತಿರುಚುತ್ತದೆ. ಹಿಮ್ಮುಖ ಕೂದಲು ಅದನ್ನು ಹೊರಬರಲು ಬಿಡುವುದಿಲ್ಲ. ಮೊದಲ ದೊಡ್ಡ ಮಳೆ ಬರುವ ಹೊತ್ತಿಗೆ ಬೀಜ ನೆಲದೊಳಗೆ ನೆಟ್ಟುಕೊಂಡಿರುತ್ತದೆ. 35 ಡಿಗ್ರಿ ಇಳಿಜಾರಿನಲ್ಲಿ ಮೇಲೆ ಚೆಲ್ಲಿದ ನುಣುಪು ಬೀಜವೆಲ್ಲ ಮೊದಲ ಮಳೆಗೆ ತೊಳೆದು ಚೆಕ್‌ಡ್ಯಾಂ ಸೇರುವಾಗ, ತಾನೇ ತನ್ನನ್ನು ಬಿತ್ತಿಕೊಳ್ಳುವ ಬೀಜಕ್ಕಿಂತ ಹೆಚ್ಚಿನದನ್ನು ಯಾವ ಕಂಪನಿ ಮಾರಬಲ್ಲದು? ಇದರ ಜೊತೆಗೆ ಅಂಜನ ಹುಲ್ಲು, ನಿಂಬೆಹುಲ್ಲಿನ ಜಾತಿಯ ಕಾಡುಹುಲ್ಲುಗಳು, ಪೊರಕೆ ಕಟ್ಟುವ ಹಂಚಿಕಡ್ಡಿ, ತಗ್ಗಿನಲ್ಲಿ ತೇವ ನಿಲ್ಲುವ ಕಡೆ ಗರಿಕೆ ಇವೆ. ಒಂದು ಆಳಕ್ಕಿಳಿಯುತ್ತದೆ, ಇನ್ನೊಂದು ಅಗಲಕ್ಕೆ ಹಬ್ಬುತ್ತದೆ, ಒಂದನ್ನು ದನ ಮುಟ್ಟುವುದಿಲ್ಲ, ಇನ್ನೊಂದನ್ನು ಬಿಡುವುದಿಲ್ಲ. ಒಂದೇ ಜಾತಿಯನ್ನು ಬಿತ್ತಿದ ಇಳಿಜಾರಿನಲ್ಲಿ ಒಂದು ಬರಗಾಲ ಅಥವಾ ಒಂದು ರೋಗ ಎಲ್ಲವನ್ನೂ ಒಮ್ಮೆಗೇ ಒಯ್ಯುತ್ತದೆ, ಈ ಬೆರಕೆಯಲ್ಲಿ ಅದು ಸಾಧ್ಯವಿಲ್ಲ.

ಬೇಗ ಹಸಿರಾಗುವ ಹೊರಗಿನ ಹುಲ್ಲಿನ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಪಲಾಚಿಯ ಬೆಟ್ಟಗಳಲ್ಲಿ ದೊಡ್ಡ ಪ್ರಮಾಣದ ಸಾಕ್ಷ್ಯವಿದೆ. ಅಲ್ಲಿ ಮೇಲಿಂದ ಅಗೆದು ತೆಗೆಯುವ ಕಲ್ಲಿದ್ದಲು ಗಣಿಗಳಿಗೆ 1977ರಲ್ಲಿ ಬಿಗಿಯಾದ ಪುನಶ್ಚೇತನ ಕಾನೂನು ಬಂತು. ಗಣಿ ಕಂಪನಿ ಮೊದಲೇ ಠೇವಣಿ ಇಡಬೇಕು, ನೆಲವನ್ನು ಸರಿಪಡಿಸಿ ಗಿಡಹುಲ್ಲು ನಿಂತ ಮೇಲೆ ಠೇವಣಿ ವಾಪಸು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಠೇವಣಿ ಬೇಗ ಬಿಡಿಸಿಕೊಳ್ಳಲು ಕಂಪನಿಗಳು ಇಳಿಜಾರನ್ನು ಯಂತ್ರದಿಂದ ಉಜ್ಜಿ ನಯಮಾಡಿದವು, ಯುರೋಪ್ ಮೂಲದ ಕೆಂಟಕಿ-31 ಎಂಬ ಫೆಸ್ಕ್ಯೂ ಹುಲ್ಲನ್ನೂ ಪೂರ್ವ ಏಷ್ಯಾ ಮೂಲದ ಸೆರಿಸಿಯಾ ಲೆಸ್ಪೆಡೆಜಾ ಎಂಬ ದ್ವಿದಳ ಗಿಡವನ್ನೂ ಗೊಬ್ಬರದೊಡನೆ ಸಿಂಪಡಿಸಿದವು. ಒಂದೇ ವರ್ಷದಲ್ಲಿ ಬೆಟ್ಟ ಹಸಿರಾಯಿತು, ಮಣ್ಣೂ ಒಂದು ಮಟ್ಟಿಗೆ ನಿಂತಿತು. ಆಮೇಲೆ ಅಲ್ಲಿಂದ ಮುಂದಕ್ಕೆ ಏನೂ ನಡೆಯಲಿಲ್ಲ. ದಟ್ಟ ಹೊದಿಕೆಯ ಕೆಳಗೆ ಓಕ್, ಮೇಪಲ್‌ನಂಥ ಸ್ಥಳೀಯ ಮರಗಳ ಬೀಜ ಮೊಳೆಯಲಿಲ್ಲ, ನೆಟ್ಟ ಸಸಿಗಳು ನೀರಿಗೂ ಬೆಳಕಿಗೂ ಹುಲ್ಲಿನೊಡನೆ ಸೆಣಸಿ ಸೋತವು. ಗಣಿ ನಿಂತು ದಶಕಗಳಾದರೂ ಕಾಡು ಮರಳದ ಹುಲ್ಲುಬಯಲುಗಳು ಹಾಗೆಯೇ ಉಳಿದವು. 2004ರ ನಂತರ ಅಲ್ಲಿಯ ಸರ್ಕಾರಿ ಸಂಸ್ಥೆಗಳೂ ವಿಜ್ಞಾನಿಗಳೂ ಸೇರಿ ಹೊಸ ಕ್ರಮವೊಂದನ್ನು ಹೇಳತೊಡಗಿದರು: ಮೇಲಿನ ನಾಲ್ಕು ಅಡಿ ಮಣ್ಣುಕಲ್ಲನ್ನು ಸಡಿಲವಾಗಿಯೇ ಬಿಡಿ, ಉಜ್ಜಬೇಡಿ, ಮರಗಳೊಡನೆ ಸೆಣಸದ ಹಗುರ ಹುಲ್ಲನ್ನು ಬಿತ್ತಿ, ಸಾರಜನಕ ಗೊಬ್ಬರ ಕಡಿಮೆ ಹಾಕಿ. ಹಸಿರಾಗಿಸಲು ಒಂದು ಋತು ಸಾಕಾಗಿತ್ತು, ಆ ಹಸಿರನ್ನು ತಿದ್ದುವ ಕೆಲಸ ಇನ್ನೂ ಮುಗಿದಿಲ್ಲ.

ನಮಗೆ ಅಷ್ಟು ದೂರದ ಪಾಠ ಬೇಡವೆಂದರೆ ಬಳ್ಳಾರಿಯ ಹೆಸರನ್ನೇ ಹೊತ್ತ ಗಿಡವೊಂದಿದೆ. ಲ್ಯಾಟಿನ್ ಅಮೆರಿಕದಿಂದ ತಂದು ಒಣನೆಲ ಹಸಿರಾಗಿಸಲು ಹರಡಿದ ಪ್ರೊಸೊಪಿಸ್ ಜೂಲಿಫ್ಲೋರವನ್ನು ಕನ್ನಡ ನಾಡು ಬಳ್ಳಾರಿ ಜಾಲಿ ಎಂದೇ ಕರೆಯಿತು. ನೀರಿಲ್ಲದ ಕಡೆ ಬೆಳೆಯಿತು, ಸೌದೆ ಕೊಟ್ಟಿತು, ನಿಜ. ಅದರ ಜೊತೆಗೇ ಕೆರೆಯಂಗಳ, ಗೋಮಾಳ, ಬೀಳು ಹೊಲಗಳನ್ನೆಲ್ಲ ಮುಳ್ಳಿನ ಪೊದೆಯಾಗಿಸಿ, ಕೆಳಗಿನ ಹುಲ್ಲನ್ನು ಅಳಿಸಿಹಾಕಿತು. ಗಣಿಗುಡ್ಡೆಯ ಬರಿನೆಲ ಇಂಥ ಗಿಡಕ್ಕೆ ಬಾಗಿಲು ತೆರೆದ ಮನೆ, ಅಲ್ಲಿಂದ ಅದು ಸುತ್ತಲಿನ ಕಾಡಿಗೆ ಇಳಿಯುತ್ತದೆ. ಹೊರಗಿನದು, ಒಳಗಿನದು ಎಂಬ ಮಾತು ಸ್ವದೇಶಾಭಿಮಾನದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ಒಣಸೀಮೆಯಲ್ಲಿ ಮೇವಿನ ರಾಜನಂತಿರುವ ಅಂಜನ ಹುಲ್ಲು, ಬಫೆಲ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ಒಳನಾಡಿನ ಗಿಡಗಳನ್ನು ಒತ್ತರಿಸಿ ಬೆಂಕಿಯನ್ನು ಹೆಚ್ಚಿಸಿದ ಕಳೆಯಾಗಿದೆ. ಒಂದೇ ಹುಲ್ಲು, ಇಲ್ಲಿ ಮನೆಯವನು, ಅಲ್ಲಿ ಆಕ್ರಮಣಕಾರ. ಅದನ್ನು ತಿನ್ನುವ ಪ್ರಾಣಿ, ಕೀಟ, ಅದರೊಡನೆ ಜಾಗ ಹಂಚಿಕೊಳ್ಳಲು ಕಲಿತ ನೆರೆಯ ಗಿಡಗಳು ಎಲ್ಲಿವೆಯೋ ಅಲ್ಲಿ ಅದು ಹದದಲ್ಲಿರುತ್ತದೆ.

ಲಾವಂಚದ ಪರವಾಗಿ ಮಾತಾಡುವವರಿಗೆ ಇಲ್ಲಿ ಉತ್ತರ ಕೊಡಬೇಕು, ಏಕೆಂದರೆ ಅವರ ವಾದ ಬಲವಾದದ್ದು. ಲಾವಂಚದ ಬೇರು ಹಬ್ಬುವುದಿಲ್ಲ, ನೇರ ಕೆಳಗಿಳಿಯುತ್ತದೆ. ಒಳ್ಳೆಯ ನೆಲದಲ್ಲಿ ಮೂರು ನಾಲ್ಕು ಮೀಟರ್ ಇಳಿದದ್ದುಂಟು. ಬೇರಿನ ಎಳೆತದ ಬಲವನ್ನು ಅಳೆದವರು ಸರಾಸರಿ 75 ಮೆಗಾಪ್ಯಾಸ್ಕಲ್ ಎಂದು ಕಂಡಿದ್ದಾರೆ, ಅದು ಮೃದು ಉಕ್ಕಿನ ಬಲದ ಆರನೇ ಒಂದು ಪಾಲು. ತೋಟಕ್ಕೆ ಬಳಸುವ ತಳಿಗಳು ಮೊಳೆಯುವ ಬೀಜ ಕಟ್ಟುವುದಿಲ್ಲ, ಹಾಗಾಗಿ ಹೊಲಕ್ಕೆ ನುಗ್ಗುವ ಭಯವಿಲ್ಲ. ಭಾರಲೋಹಗಳನ್ನು ಹೀರಿದರೂ ಹೆಚ್ಚಿನ ಪಾಲನ್ನು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ಮಿಗಿಲಾಗಿ ಇದು ನಮ್ಮದೇ ವಿದ್ಯೆ. ಗುಂಡ್ಲುಪೇಟೆ ಸೀಮೆಯ ರೈತರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೊಲದ ಬದುವಿಗೆ ಲಾವಂಚ ನೆಟ್ಟು ಗಡಿಯನ್ನೂ ಮಣ್ಣನ್ನೂ ಕಾಯ್ದುಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚವನ್ನು ಜಗತ್ತಿಗೆ ಪರಿಚಯಿಸಿದಾಗ ತೋರಿಸಿದ ಉದಾಹರಣೆಗಳಲ್ಲಿ ಆ ಬದುಗಳೂ ಇದ್ದವು. ಇಷ್ಟೆಲ್ಲ ಒಪ್ಪಿಕೊಂಡೂ ಹೇಳುತ್ತೇನೆ: ಲಾವಂಚ ಗೋಡೆ, ಹೊದಿಕೆಯಲ್ಲ. ಬುಡ ಸೀಳಿ ಅರ್ಧ ಗೇಣಿಗೊಂದರಂತೆ ಸಮಪಾತಳಿಯ ಸಾಲಿನಲ್ಲಿ ನೆಟ್ಟಾಗ ಅದು ನೀರನ್ನು ತಡೆದು ಹೂಳನ್ನು ಸೋಸುತ್ತದೆ. ಸಾಲು ಸಾಲಿನ ನಡುವಿನ ಬರಿನೆಲದ ಮೇಲೆ ಹನಿ ಬೀಳುವುದನ್ನು ತಡೆಯುವುದಿಲ್ಲ. ಮೊದಲ ವರ್ಷ ನೀರು ಬೇಕು, ಮರದ ನೆರಳು ಬಂದರೆ ಸೊರಗುತ್ತದೆ. ಗುಂಡ್ಲುಪೇಟೆಯ ರೈತ ಅದನ್ನು ಬದುವಿಗೆ ನೆಟ್ಟನೇ ಹೊರತು ಹೊಲ ತುಂಬ ನೆಡಲಿಲ್ಲ. ಗುಡ್ಡೆಯ ಮೆಟ್ಟಿಲುಗಳ ಅಂಚಿಗೆ, ಕೊರಕಲಿನ ತಲೆಗೆ, ಕಾಲುವೆಯ ದಡಕ್ಕೆ ಲಾವಂಚ, ನಡುವಿನ ಮೈಗೆಲ್ಲ ಗುಡ್ಡದ ಹುಲ್ಲು ಎಂಬ ಹಂಚಿಕೆ ಸರಿಯಾದದ್ದು.

ಕಾಡುಹುಲ್ಲು ನಿಧಾನ, ಎರಡು ಮೂರು ಮಳೆಗಾಲ ಬೇಕು, ಅಲ್ಲಿಯವರೆಗೆ ಗುಡ್ಡೆ ಕೊಚ್ಚಿಹೋಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ವರ್ಷದ ಬೆಳೆಗೆ ಜಾಗ ಇರುವುದು ಇಲ್ಲಿಯೇ. ಸಜ್ಜೆ, ನವಣೆ, ಹುರುಳಿ, ಸೆಣಬು, ಈ ಸೀಮೆಯ ರೈತನ ಮನೆಯಲ್ಲೇ ಇರುವ ಬೀಜಗಳನ್ನು ತೆಳುವಾಗಿ ಬೆರೆಸಿದರೆ ಮೊದಲ ಮಳೆಗಾಲದ ಹೊದಿಕೆ ಸಿಗುತ್ತದೆ. ಹುರುಳಿ, ಸೆಣಬು ಸಾರಜನಕವನ್ನೂ ಕೂಡಿಸುತ್ತವೆ, ಒಣಗಿದ ದಂಟು ಮುಂದಿನ ಬೇಸಿಗೆಗೆ ಮುಚ್ಚಿಗೆಯಾಗುತ್ತದೆ, ತಮ್ಮ ಸರದಿ ಮುಗಿಸಿ ಅವು ಜಾಗ ಬಿಡುತ್ತವೆ. ಜಾಗ ಬಿಡುವುದೇ ಇಲ್ಲಿ ಮುಖ್ಯ ಗುಣ. ಹೆಚ್ಚು ದಟ್ಟವಾಗಿ ಬಿತ್ತಿದರೆ, ಯೂರಿಯ ಸುರಿದರೆ, ಈ ದಾದಿಯರೇ ಮಗುವಿನ ಉಸಿರು ಕಟ್ಟಿಸುತ್ತಾರೆ. ರಂಜಕದ ಕೊರತೆಗೆ ಗೊಬ್ಬರದ ಚೀಲಕ್ಕಿಂತ ಪಕ್ಕದ ಕಾಡಿನ ಒಂದಿಷ್ಟು ಮೇಲ್ಮಣ್ಣಿನ ಲೇಪ ಹೆಚ್ಚು ಕೆಲಸ ಮಾಡುತ್ತದೆ, ಬೇರಿಗೆ ರಂಜಕ ಒದಗಿಸುವ ಶಿಲೀಂಧ್ರಗಳು ಬರುವುದು ಅದರೊಡನೆ. ಹೊಸ ಗಣಿಗಳಲ್ಲಿ ಮೇಲ್ಮಣ್ಣನ್ನು ಬೇರೆ ತೆಗೆದಿಡುವುದು ಕಡ್ಡಾಯ. ಆದರೆ ಐದಾರು ಮೀಟರ್ ಎತ್ತರಕ್ಕೆ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಬೀಜವೂ ಜೀವಾಣುಗಳೂ ಸತ್ತು ಅದು ಬರಿಯ ಧೂಳಾಗುತ್ತದೆ. ತೆಗೆದ ಮಣ್ಣನ್ನು ಆದಷ್ಟು ಬೇಗ ಮುಗಿದ ಬೆಂಚಿನ ಮೇಲೆ ಹರಡಿದರೆ ಹುಲ್ಲಿನ ಅರ್ಧ ಆಯ್ಕೆ ತಾನಾಗಿ ಆದಂತೆ.

ಹುಲ್ಲೇಕೆ, ಮರ ನೆಡಿ ಎನ್ನುವವರ ಸಂಖ್ಯೆ ದೊಡ್ಡದು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಬೋಳಾದ ಬೆಟ್ಟ ನೋಡಿದವರಿಗೆ ನೆರಳು ಬೇಕೆನಿಸುತ್ತದೆ. ಸಸಿಗಳನ್ನು ಎಣಿಸುವುದೂ ಸುಲಭ, ಹುಲ್ಲನ್ನು ಎಣಿಸಲಾಗದು. ಆದರೆ ಮಣ್ಣಿನ ಕಡೆಯಿಂದ ನೋಡಿ. ಎರಡು ಮೀಟರಿಗೊಂದು ಗುಂಡಿ ತೋಡಿ ನೆಟ್ಟ ಸಸಿಯ ನಡುವೆ ಐದಾರು ವರ್ಷ ಬರಿನೆಲವೇ ಇರುತ್ತದೆ, ಗುಂಡಿ ತೋಡಿದ ಸಡಿಲ ಮಣ್ಣು ಮೊದಲು ಕೊಚ್ಚಿಹೋಗುತ್ತದೆ. ಮರ ದೊಡ್ಡದಾದ ಮೇಲೂ ಕೆಳಗೆ ಹುಲ್ಲಿಲ್ಲದಿದ್ದರೆ ಉಪಯೋಗ ಕಡಿಮೆ. ತೇಗದ ತೋಪಿನಲ್ಲಿ ಅಗಲ ಎಲೆಯ ಮೇಲೆ ಸೇರಿದ ನೀರು ದಪ್ಪ ಹನಿಯಾಗಿ ಎತ್ತರದಿಂದ ಬಿದ್ದು ಬಯಲಿನ ಮಳೆಗಿಂತ ಜೋರಾಗಿ ಮಣ್ಣನ್ನು ಕೆದಕುವುದುಂಟು. ಮರ ಬೇಡವೆಂದಲ್ಲ, ಮರಕ್ಕೆ ಸರದಿ ಇದೆ. ಡೆಹ್ರಾಡೂನ್ ಬಳಿಯ ಸಹಸ್ರಧಾರಾದಲ್ಲಿ ಸುಣ್ಣದಕಲ್ಲಿನ ಗಣಿ ಹಾಳುಮಾಡಿದ 64 ಹೆಕ್ಟೇರ್ ಇಳಿಜಾರನ್ನು ಕೇಂದ್ರೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆ 1980ರ ದಶಕದಲ್ಲಿ ಕೈಗೆತ್ತಿಕೊಂಡಿತು. ಗೇಬಿಯನ್ ತಡೆಗಳು, ಇಳಿಜಾರಿಗೆ ನಾರಿನ ಜಾಲ, ಅದರ ಮೇಲೆ ಅಲ್ಲಿನದೇ ಹುಲ್ಲುಗಳು, ಲಕ್ಕಿಯಂಥ ಪೊದೆಗಳು, ಮರಗಳು, ಹೀಗೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದವು. ಹೆಕ್ಟೇರಿಗೆ ವರ್ಷಕ್ಕೆ ಸುಮಾರು 550 ಟನ್ ಇಳಿದುಬರುತ್ತಿದ್ದ ಕಲ್ಲುಮಣ್ಣು ಹತ್ತಾರು ವರ್ಷಗಳಲ್ಲಿ 10 ಟನ್ನಿಗೂ ಕೆಳಗಿಳಿಯಿತು. ಮಳೆಗಾಲ ಮುಗಿದ ಮೇಲೂ ಝರಿಗಳು ಹೆಚ್ಚು ದಿನ ಹರಿದವು.

ಇನ್ನು ಬೀಜ. ಲಾವಂಚದ ಬುಡ ನರ್ಸರಿಯಲ್ಲಿ ಸಿಗುತ್ತದೆ, ಹೊರಗಿನ ಹುಲ್ಲಿನ ಬೀಜ ಮೂಟೆಯಲ್ಲಿ ಸಿಗುತ್ತದೆ, ಗುಡ್ಡದ ಕರಡದ ಬೀಜ ಯಾವ ಅಂಗಡಿಯಲ್ಲಿದೆ? ಇಲ್ಲ, ಅದು ನಿಜ. ಯಾರೂ ಕೇಳಿಲ್ಲ, ಹಾಗಾಗಿ ಯಾರೂ ಕೂಡಿಟ್ಟಿಲ್ಲ. ಝಾನ್ಸಿಯಲ್ಲಿ ಕೇಂದ್ರವಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ವಿಭಾಗ ನಮ್ಮ ಧಾರವಾಡದಲ್ಲೇ ಇದೆ. ಹುಲ್ಲಿನ ಬೀಜ ಬೆಳೆಸುವ, ಮೊಳಕೆ ಪರೀಕ್ಷಿಸುವ ವಿದ್ಯೆ ಅಲ್ಲಿದೆ, ಗಣಿ ಸೀಮೆಯ ಬೇಡಿಕೆ ಅಲ್ಲಿಗೆ ತಲುಪಬೇಕು. ಅದಕ್ಕಿಂತ ಸರಳವಾದ ದಾರಿಯೂ ಇದೆ. ಕಾಳು ಬಲಿತ ಹೊತ್ತಿನಲ್ಲಿ ಪಕ್ಕದ ಗುಡ್ಡದ ಹುಲ್ಲನ್ನು ತೆನೆ ಸಮೇತ ಕೊಯ್ದು, ಒಣಗಿಸಿ ಇಟ್ಟು, ಮಳೆಗೆ ಮುಂಚೆ ಗುಡ್ಡೆಯ ಮೇಲೆ ಹರಡಿ ಕಡ್ಡಿಯಿಂದಲೋ ನಾರಿನ ಜಾಲದಿಂದಲೋ ಬಿಗಿದರೆ, ಬೀಜವೂ ಬಂತು, ಮುಚ್ಚಿಗೆಯೂ ಬಂತು, ಹತ್ತು ಹದಿನೈದು ಜಾತಿ ಒಟ್ಟಿಗೆ ಬಂದವು. ಯುರೋಪಿನಲ್ಲಿ ಹುಲ್ಲುಗಾವಲು ಮರಳಿಸುವವರು ಇದನ್ನೇ ಮಾಡುತ್ತಾರೆ. ಕೊಯ್ಲಿಗೆ ಬೇಕಾದದ್ದು ಕುಡಗೋಲು, ಗುಡ್ಡ ಬಲ್ಲ ಕೈಗಳು. ಗಣಿ ನಿಂತಾಗ ಕೂಲಿ ಕಳೆದುಕೊಂಡ ಊರುಗಳಲ್ಲಿ ಆ ಕೈಗಳಿಗೆ ಕೊರತೆಯಿಲ್ಲ. ಗೇಬಿಯನ್ ಗೋಡೆಗೆ ಹೋಗುವ ಹಣದ ಸಣ್ಣ ಪಾಲು ಸಾಕು.

ಕುರಿಗಾರರ ದೂರನ್ನು ಬದಿಗೆ ಸರಿಸುವಂತಿಲ್ಲ. ಸೂಜಿಬೀಜದ ಹುಲ್ಲು ಕುರಿಯ ಉಣ್ಣೆಗೆ ಹೊಕ್ಕು ಚರ್ಮ ಚುಚ್ಚುತ್ತದೆ, ಬಾಯಿಗೆ ಕಣ್ಣಿಗೆ ಗಾಯ ಮಾಡುತ್ತದೆ. ಆದರೆ ಎಳೆಯದಾಗಿದ್ದಾಗ, ತೆನೆ ಬರುವ ಮುಂಚೆ, ಅದೇ ಒಳ್ಳೆಯ ಮೇವು. ಗುಡ್ಡೆಗೆ ಮೊದಲ ಎರಡು ಮೂರು ವರ್ಷ ಕುರಿ ದನ ಹೋಗಬಾರದು, ಎಳೆಯ ಬುಡ ಕಿತ್ತು ಬರುತ್ತದೆ. ಆ ಮೇಲೆ ಕೊಯ್ದು ಹಾಕುವ ಹಕ್ಕು ಪಕ್ಕದ ಊರಿನವರಿಗೆ ಸಿಗಬೇಕು. ತಂತಿಬೇಲಿ, ಕಾವಲುಗಾರ ಇವೆರಡರಿಂದಲೇ ಹುಲ್ಲು ಉಳಿಸುತ್ತೇವೆಂಬುದು ಆಗದ ಮಾತು. ಯಾರಿಗೆ ಆ ಹುಲ್ಲು ಬೇಕೋ ಅವರೇ ಅದನ್ನು ಕಾಯುತ್ತಾರೆ. ನ್ಯಾಯಾಲಯದ ಆದೇಶದಲ್ಲಿ ಮೇವು ಎಂಬ ಪದ ಇರುವುದು ಅದಕ್ಕೇ ಎಂದು ನಾನು ಓದಿಕೊಳ್ಳುತ್ತೇನೆ. ಬೆಂಕಿಯ ಭಯಕ್ಕೂ ಇದರಲ್ಲೇ ಉತ್ತರವಿದೆ. ಕೊಯ್ದ ಗುಡ್ಡದಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ, ಕೊಯ್ಯದ ಕಡೆ ಉರಿದರೂ ಬಹುವಾರ್ಷಿಕ ಹುಲ್ಲಿನ ಬುಡ ನೆಲದ ಮಟ್ಟದಲ್ಲಿ ಬದುಕಿರುತ್ತದೆ.

ಇದೇ ಪಟ್ಟಿಯನ್ನು ರಾಜ್ಯಕ್ಕೆಲ್ಲ ಅನ್ವಯಿಸಬಾರದು ಎಂದೂ ಹೇಳಿಬಿಡಬೇಕು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಕುದುರೆಮುಖದ ಮಳೆಗೂ ಸಂಡೂರಿನ ಮಳೆಗೂ ಹತ್ತು ಪಟ್ಟಿನ ಅಂತರ. ಅಲ್ಲಿನ ಹುಲ್ಲುಗಾವಲು ಶೋಲಾ ಕಾಡಿನ ಜೊತೆಗಾರ, ಅಲ್ಲಿನ ಹುಲ್ಲೇ ಬೇರೆ. ಘಟ್ಟದ ಹುಲ್ಲುಗಾವಲುಗಳನ್ನು ಪಾಳುಭೂಮಿ ಎಂದು ತಿಳಿದು ಅಕೇಶಿಯಾ ನೆಟ್ಟ ಕಾಲವೊಂದಿತ್ತು, ಅದರ ಹಾನಿಯನ್ನು ಈಗಲೂ ಅನುಭವಿಸುತ್ತಿದ್ದೇವೆ.

ಈ ಎಲ್ಲದಕ್ಕೂ ಹಣವಿಲ್ಲವೆನ್ನುವಂತಿಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿನ ಗಣಿಬಾಧಿತ ಪ್ರದೇಶಗಳಿಗಾಗಿಯೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ, ಅದರ ಕೈಯಲ್ಲಿ ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳಿವೆ. ಬದಲಾಗಬೇಕಾದದ್ದು ಅಳತೆಗೋಲು. ಈಗ ಗುತ್ತಿಗೆಯ ಕಾಗದದಲ್ಲಿ ಎಷ್ಟು ಹೆಕ್ಟೇರ್ ಬಿತ್ತಲಾಯಿತು, ಎಷ್ಟು ಸಸಿ ನೆಡಲಾಯಿತು ಎಂದು ಬರೆದರೆ ಕೆಲಸ ಮುಗಿಯುತ್ತದೆ. ಅದರ ಬದಲು ಮೂರನೇ ವರ್ಷದ ಮೇ ತಿಂಗಳಲ್ಲಿ, ನೀರು ಗೊಬ್ಬರ ನಿಲ್ಲಿಸಿದ ಮೇಲೆ, ಆ ಇಳಿಜಾರಿನಲ್ಲಿ ಎಷ್ಟು ಪಾಲು ನೆಲವನ್ನು ಜೀವಂತ ಬುಡಗಳು ಹಿಡಿದಿವೆ, ಎಷ್ಟು ಜಾತಿಯ ಸ್ಥಳೀಯ ಹುಲ್ಲುಗಳಿವೆ, ಕೆಳಗಿನ ಚೆಕ್‌ಡ್ಯಾಂನಲ್ಲಿ ಆ ವರ್ಷ ಎಷ್ಟು ಹೂಳು ಕೂತಿದೆ ಎಂದು ಅಳೆದು ಬಾಕಿ ಹಣ ಬಿಡುಗಡೆ ಮಾಡಬೇಕು. ಅಮೆರಿಕದ ಕಾನೂನಿನಲ್ಲಿ ತಪ್ಪು ನಡೆದ ಕಡೆ ಹೇಳಿದಂತೆ ಸರಿ ಇರುವ ಕಡೆಯನ್ನೂ ಹೇಳಬೇಕು: ವರ್ಷಕ್ಕೆ 26 ಇಂಚಿಗಿಂತ, ಅಂದರೆ ಸುಮಾರು 660 ಮಿಲಿಮೀಟರಿಗಿಂತ ಕಡಿಮೆ ಮಳೆಯ ಒಣಸೀಮೆಯಲ್ಲಿ ಹೊದಿಕೆಯ ಹೊಣೆ ಗಣಿ ಕಂಪನಿಗೆ ಹತ್ತು ವರ್ಷ, ಹೆಚ್ಚು ಮಳೆಯ ಕಡೆ ಐದು ವರ್ಷ. ಬಳ್ಳಾರಿಯ ವಾಡಿಕೆ ಮಳೆ ಆ ಗೆರೆಯ ಆಸುಪಾಸಿನದು. ಒಣಗಿದಷ್ಟೂ ಹೊಣೆ ಉದ್ದವಾಗಬೇಕೆಂಬ ಆ ತತ್ವ ನಮ್ಮ ಗುತ್ತಿಗೆಗಳಿಗೂ ಬರಬೇಕು.

ಮೊದಲ ಹೆಜ್ಜೆಗೆ ಯಾವ ಕಾನೂನೂ ಬೇಕಿಲ್ಲ, ಅದಕ್ಕೆ ತಿಂಗಳ ಲೆಕ್ಕ ಬೇಕು. ಟೆಂಡರ್ ಕರೆಯುವುದು ಏಪ್ರಿಲ್‌ನಲ್ಲಾದರೆ ಜೂನ್ ಹೊತ್ತಿಗೆ ಸಿಗುವುದು ಅಂಗಡಿಯ ಬೀಜವೇ. ಗುಡ್ಡದ ಹುಲ್ಲು ತೆನೆ ಬಲಿಸುವುದು ಹಿಂಗಾರು ಹಿಂದೆಗೆಯುವ ನವೆಂಬರ್ ಹೊತ್ತಿಗೆ, ಕಾಳು ಉದುರುವ ಮುಂಚೆ ಕೊಯ್ಯಲು ಸಿಗುವುದು ಎರಡು ಮೂರು ವಾರ. ಮುಂದಿನ ಮಳೆಗಾಲಕ್ಕೆ ಯಾವ ಡಂಪ್‌ಗಳನ್ನು ಮುಚ್ಚಬೇಕೆಂಬ ಪಟ್ಟಿ ದಸರೆಯ ಒಳಗೆ ಸಿದ್ಧವಾಗಿ, ದೀಪಾವಳಿ ಕಳೆದ ಕೂಡಲೇ ಕುಡಗೋಲು ಹಿಡಿದವರು ಸಂಡೂರಿನ ಸ್ವಾಮಿಮಲೆಯ, ರಾಮನಮಲೆಯ ಗಣಿ ಮುಟ್ಟದ ಇಳಿಜಾರುಗಳಿಗೆ ಹೊರಡಬೇಕು.